ಎಲ್ಲಿತನಕ ಸತ್ತಿದ್ದಳು

ತಿಂಗಳ ಎರಡನೇ ಭಾನುವಾರ, ಬೆಳಗಿನ ಆಟ.
ಗೋಣಿಕೊಪ್ಪದ ಸಂತೆ ಅಷ್ಟೊತ್ತಿಗೆ ಏರಿರುತ್ತದೆ;
ಒಣಮೀನಿನ ವಾಸನೆ ಫ್ಯಾನಿನ ಸಂದಿಯಿಂದ ನುಸುಳಿ
ಟಿಕೆಟ್ಟಿಲ್ಲದೆ ಮುಂದಿನ ಸಾಲಲ್ಲಿ ಕೂರುತ್ತದೆ.
ಪರದೆಯ ಮೇಲೆ ಯಾವುದೋ ದೇಶದ ಚಿನ್ನದ ಬಾಲ್ಕನಿಗಳು,
ಇಲ್ಲಿ ಹನ್ನೊಂದು ಜನ.
ಯಾರ ಸೀಟು ಯಾವುದೆಂದು ಅವರಿಗೇ ಗೊತ್ತು.
ಆದರೂ ಟಾರ್ಚು ಹಿಡಿಯುತ್ತೇನೆ,
ಸಂಬಳ ಕೊಡುತ್ತಾರಲ್ಲ.

ಸೆವ್ರಿನ್ ಟೀಚರ್ ಓನರಿಗೆ ದುಂಬಾಲು ಬಿದ್ದು ತರಿಸಿದ್ದು ಈ ಒಪೆರಾ.
ಮಿಷನ್ ರೂಮಿನ ಹಂಸಾಕ ಅದನ್ನು ‘ಅಪರ’ ಎನ್ನುತ್ತಾರೆ.
ತಿದ್ದಲು ಹೋಗಿಲ್ಲ ನಾನು.
ಕೊನೆಗೆ ಯಾರಾದರೂ ಸತ್ತೇ ಸಾಯುತ್ತಾರೆ.

ಈ ಸಲ ಉಪ್ಪಿನ ವ್ಯಾಪಾರಿಯ ಹೆಂಡತಿ.
ವಿಷ ಕುಡಿದು ಕಾಲು ಗಂಟೆಯಾಯಿತು, ಹಾಡುತ್ತಲೇ ಇದ್ದಾಳೆ.
ಕೆಳಗೆ ಇಂಗ್ಲಿಷ್ ಅಕ್ಷರಗಳ ಓಟ:
ನಾನು ಮೊದಲ ಪದ ಕೂಡಿಸಿ ಓದುವಷ್ಟರಲ್ಲಿ
ಅವಳು ಗಂಡನನ್ನು ಕ್ಷಮಿಸಿಯಾಗಿರುತ್ತದೆ.

ಪಳಂಗಪ್ಪ ಓದುವುದೇ ಇಲ್ಲ, ಕಣ್ಣು ಮುಚ್ಚಿರುತ್ತಾನೆ.
ನಲವತ್ತು ವರ್ಷ ಸಾವಿನ ಮನೆಗಳಲ್ಲಿ ದುಡಿ ಬಾರಿಸಿ ಹಾಡಿದವನು.
ಮೊದಲ ಸಲ ಒಳಗೆ ಬಂದದ್ದು ಫ್ಯಾನಿನ ಗಾಳಿಗೆ.
ಇಂಟರ್ವಲ್ಲಿನ ಚಹಾ ಊದುತ್ತಾ ಅಂದಿದ್ದ:
“ನಮ್ಮಲ್ಲಿ ಸತ್ತವರು ಸುಮ್ಮನೆ ಮಲಗುತ್ತಾರೆ,
ಹಾಡುವ ಕಷ್ಟ ನಾಲ್ಕು ಜನರದ್ದು.
ಪಾಪ, ಆ ಊರಲ್ಲಿ
ಅವಳದ್ದನ್ನು ಅವಳೇ ಹಾಡಿಕೊಳ್ಳಬೇಕು ನೋಡು.”

ಕರೆಂಟು ಹೋಯಿತು.

ಬಾಯಿ ತೆರೆದಿತ್ತು, ಸ್ವರ ತುದಿಗೇರಿತ್ತು,
ಇಳಿಯಲು ಏಣಿ ಇಲ್ಲ.
ಕತ್ತಲಲ್ಲಿ ಆ ತುದಿಗೆ ಹೊರಗಿನಿಂದ
ಕಣಿಲೆ ಮಾರುವವಳ ಕೂಗು ಬಂದು ಅಂಟಿಕೊಂಡಿತು:
ಪಾಲಿಗೆ ಮೂವತ್ತೂ, ಮೂವತ್ತೂ...
ಯಾರೂ ನಗಲಿಲ್ಲ.

ಜನರೇಟರ್ ಕೆಮ್ಮಿ ಎದ್ದಾಗ
ಮಿಷನ್ನಿಗೆ ಎಲ್ಲ ಮರೆತು ಹೋಗಿತ್ತು.
ಪರದೆಯಲ್ಲಿ ಮತ್ತೆ ಮದುವೆ, ಮತ್ತೆ ಬುಟ್ಟಿ ತುಂಬ ಹೂವು.
ಹೆಸರು ಹಂಸ; ಹಾಲು ನೀರು ಬೇರೆ ಮಾಡಬೇಕಾದವರು
ಕಿಂಡಿಯಲ್ಲಿ ತಲೆ ತೂರಿಸಿ ಕೂಗಿದರು:
“ಎಲ್ಲಿತನಕ ಸತ್ತಿದ್ದಳು?”

ಟೀಚರ್ ಮೂರನೇ ಅಂಕ ಅಂದರು.
ರಿಟೈರಾದ ಪೋಸ್ಟ್‌ಮಾಸ್ತರು, ಕೈ ಮಂಚದಿಂದ ಜಾರಿದ ಮೇಲೆ.
ಅವರ ಹೆಂಡತಿ, ಜಾರುವ ಮೊದಲು.
ಪಳಂಗಪ್ಪ ಎದ್ದ. ಮೊದಲ ಬಾರಿಗೆ
ನನ್ನ ಟಾರ್ಚು ಬೇಕಾಯಿತು, ಮೆಟ್ಟಿಲಿಗೆ.

ಮೇಲೆ, ಹಳೇ ರೀಲಿನ ತುಕ್ಕು ಡಬ್ಬಿಯೊಂದನ್ನು ತೊಡೆಗಿಟ್ಟುಕೊಂಡು
ಎರಡು ಬೆರಳಲ್ಲಿ ತಟ್ಟಿ ಶುರುಮಾಡಿದ.
ಮಾತಿಲ್ಲ, ಅವಳ ರಾಗವೇ.
ಆದರೆ ಹೊಳೆಯಲ್ಲಿ ಬಹಳ ದೂರ ಉರುಳಿ ಬಂದ ಕಲ್ಲಿನ ಹಾಗೆ
ಮೂಲೆಗಳು ಸವೆದು.
ಹಂಸಾಕ ಗುಂಡಿ ಒತ್ತುತ್ತಾ ಹುಡುಕಿದರು.
“ಇಲ್ಲಿ?”
“ಇಲ್ಲಿ ಅವಳಿಗೆ ಇನ್ನೂ ಆಸೆಯಿದೆ. ಮುಂದೆ ಹೋಗು.”
“ಇಲ್ಲಿ?”
“ಇದು ಸಿಟ್ಟು. ಇನ್ನೊಂಚೂರು.”

ಸಿಕ್ಕಿತು. ಅವಳು ಬಾಯಿ ತೆರೆದಳು.
ಇವನು ಕೂಡಲೇ ನಿಲ್ಲಿಸಲಿಲ್ಲ.
ಒಂದು ಉಸಿರಿನಷ್ಟು ದೂರ ಜೊತೆಗೆ ಹೋಗಿ,
ಆಮೇಲೆ ಬಿಟ್ಟುಕೊಟ್ಟ.

ಕೆಳಗೆ ಬರಲಿಲ್ಲ. ಹೆಣ ಎತ್ತುವ ಮುಂಚೆ
ಹಾಡಿದವರು ಹೊರಡುವುದಿಲ್ಲವಂತೆ.
ಅವಳು ಮುಗಿಯುವ ತನಕ ಕಿಂಡಿಯ ಬಳಿ ನಿಂತಿದ್ದ,
ಡಬ್ಬಿ ಕಂಕುಳಲ್ಲಿ.

ನಾನೂ ನಿಂತಿದ್ದೆ, ಟಾರ್ಚು ಆರಿಸುವುದು ಮರೆತು.
ಆ ತಿಂಗಳ ಸಂಬಳದಲ್ಲಿ ಓನರು
ಎರಡು ಸೆಲ್ಲಿನ ದುಡ್ಡು ಹಿಡಿದುಕೊಂಡರು.