ಎದುರು ಬದಿಯ ಓದು

ಕೂತ್ಕೊಳ್ಳಿ ಮೇಡಂ, ಆ ಹಲಗೆ ಒಣಗಿದೆ.
ಚಿಲೋಯೆಯ ಈ ಕಡಲಗಾಲುವೆ ದಾಟೋಕೆ ನಲವತ್ತು ನಿಮಿಷ,
ಗಾಳಿ ಮುನಿದರೆ ಒಂದು ಗಂಟೆ.
ಶಾಲೆಯಲ್ಲಿ ಕಲಿಕೆ ಹೇಗಿದೆ ಅಂತ ಕೇಳಿದಿರಿ.
ಎಂಜಿನ್ನಿನ ಸದ್ದಲ್ಲಿ ಕೇಳಿಸಲಿಲ್ಲ
ಅಂದುಬಿಡಬಹುದಿತ್ತು ನಾನು.

ಒಂದು ಕೋಣೆ, ಒಂದು ಕಬ್ಬಿಣದ ಒಲೆ,
ಆರು ತರಗತಿ, ಈಗ ಏಳು ಮಕ್ಕಳು.
ನಮ್ಮ ಕಾಲಕ್ಕೆ ಹತ್ತೊಂಬತ್ತು ಇದ್ದೆವು.
ಎದೆಲ್ಮಿರಾ ಟೀಚರು ಬಾಗಿಲ ಕಡೆಯಿಂದ ಶುರುಮಾಡಿ
ಒಂದನೆಯವರಿಗೆ ಅಕ್ಷರ ತಿದ್ದಲು ಕೊಟ್ಟು,
ಮೂರನೆಯವರಿಗೆ ನದಿಗಳ ಹೆಸರು ಹೇಳಿ,
ಕಿಟಕಿ ಪಕ್ಕದ ಆರನೆಯವರ ಭಿನ್ನರಾಶಿಗೆ ಬರುವಷ್ಟರಲ್ಲಿ
ಯಾವನೋ ಒಬ್ಬನ ಬೂಟಿನೊಳಗೆ ಏಡಿ.
ಮತ್ತೆ ಬಾಗಿಲ ಕಡೆಗೆ.

ನಮಗೆ ಹೇಳಿಕೊಟ್ಟ ಪಾಠಕ್ಕಿಂತ
ಕಿವಿಗೆ ಬಿದ್ದ ಪಾಠವೇ ಹೆಚ್ಚು.
ಒರ್ನೆಲಿಯಾ ನಹ್ವೆಲ್ಕಿನ್, ಇನ್ನೂ ಒಂದನೆಯ ತರಗತಿ,
ಮೇಜಿನ ಕೆಳಗೆ ಬಿದ್ದ ರಬ್ಬರು ಹುಡುಕುತ್ತಾ
ಆರನೆಯವರ ಲೆಕ್ಕಕ್ಕೆ ಅಲ್ಲಿಂದಲೇ ಉತ್ತರ ಕೂಗಿದಳು.
ಈಗ ಪುಯೆರ್ತೊ ಮೊಂತ್‌ನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾಳೆ.
ಬರಕೊಳ್ಳಿ.
ನನ್ನ ತಮ್ಮ ಎಲಿಯಾಸಾರ್ ಅದೇ ಪಾಠ ಆರು ವರ್ಷ ಕೇಳಿದ,
ಆರು ಸಲವೂ ಅವನಿಗೆ ಹೊಸತು.
ಇವತ್ತಿಗೂ ಕಾಗದ ಬಂದರೆ ನನ್ನ ಬಾಗಿಲು ತಟ್ಟುತ್ತಾನೆ,
ತುರ್ತು ಏನೂ ಇಲ್ಲ ಅನ್ನುವ ಮುಖ ಹೊತ್ತು.
ಅವನನ್ನೂ ಬರಕೊಳ್ಳಿ.

ನನ್ನದಾ?
ಚಿಪ್ಪುಮೀನು ತೂಗುವಾಗ ಸಾಹುಕಾರ
ನೀರಿನ ಬಾಬ್ತು ಅಂತ ನೂರಕ್ಕೆ ಹತ್ತು ಕಳೀತಾನೆ.
ಒಂದೊಂದು ದಿನ ಹತ್ತು ಹೇಳಿ ಹದಿಮೂರು ಕಳೀತಾನೆ.
ಅವನ ಪೆನ್ನು ನಿಲ್ಲುವ ಮೊದಲೇ ನನಗೆ ಗೊತ್ತಾಗುತ್ತೆ.
ಅಷ್ಟು ಕಲಿತಿದ್ದೀನಿ.
ಗೊತ್ತಾದರೂ ಬಾಯಿ ಬಿಡಲ್ಲ.
ಅದನ್ನೂ ಅಲ್ಲೇ ಕಲಿತೆನೋ ಏನೋ.

ವರ್ಷಕ್ಕೊಮ್ಮೆ ಪರೀಕ್ಷೆ, ವರ್ಷಕ್ಕೊಮ್ಮೆ ಲಕೋಟೆ.
ನಮ್ಮ ಶಾಲೆಯ ಹೆಸರಿನ ಮುಂದೆ ಒಂದು ಅಡ್ಡಗೀಟು:
ಮಕ್ಕಳು ಕಡಿಮೆ, ಅಂಕ ಹೇಳಲಾಗದು.
ಹುಟ್ಟಿದವರನ್ನು ಎಣಿಸ್ತೀರಿ, ಸತ್ತವರನ್ನು ಎಣಿಸ್ತೀರಿ,
ದ್ವೀಪದ ಕುರಿಗೂ ಕಿವಿಯಲ್ಲಿ ನಂಬರು ಇದೆ.

ನನ್ನ ಮಗಳು ಯಾಸ್ಮಿಲಾ ಈಗ ನಾಲ್ಕನೆಯದು.
ಕಾಸ್ತ್ರೊದಲ್ಲಿ ಅವಳ ಅತ್ತೆಯ ಮಕ್ಕಳಿಗೆ
ತರಗತಿಗೊಂದು ಕೋಣೆ, ತಲೆಗೊಂದು ಪುಸ್ತಕ.
ಒಂದೊಂದು ರಾತ್ರಿ ಅನ್ನಿಸುತ್ತೆ, ಕಳಿಸಿಬಿಡೋಣ.
ಕಳಿಸಿದರೆ ಆರು ಉಳೀತಾರೆ.
ಆರು ಮಕ್ಕಳಿಗೆ ಶಾಲೆ ಯಾಕೆ ಅಂತ ನೀವೇ ಕೇಳ್ತೀರಿ.
ಕೊಡಲಿ ನಿಮ್ಮದು, ಸರಿ.
ಕಾವು ನಾನೇ ಆಗಬೇಕಾ?
ಬೆಳಗಾದರೆ ಅವಳು ಚಿಕ್ಕವನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು
ಏಳರ ಮಗ್ಗಿ ಹೇಳಿಕೊಡ್ತಾ ಇರ್ತಾಳೆ,
ಏಳೆಂಟಲ ಐವತ್ನಾಲ್ಕು.
ಟೀಚರು ಒಲೆಗೆ ಸೌದೆ ಇಡುತ್ತಾ,
ತಿರುಗಿಯೂ ನೋಡದೆ, "ಐವತ್ತಾರು".

ಪುಸ್ತಕ ಅಂದೆನಲ್ಲ,
ನಮಗೆ ಇಬ್ಬರಿಗೆ ಒಂದು.
ಎದುರುಬದುರು ಕೂತು ಮಧ್ಯಕ್ಕೆ ಇಟ್ಟುಕೊಳ್ಳಬೇಕು.
ನನ್ನ ಎದುರಿಗೆ ಫ್ಲೊರಿದೋರ್ ಬಾರ್ರಿಯಾ, ಕಣ್ಣು ಮಂದ.
ಟೀಚರು ಪುಸ್ತಕದ ಮುಖ ಅವನ ಕಡೆ ತಿರುಗಿಸಿಟ್ಟರು,
ನನ್ನ ತಲೆ ಸವರಿ ಮುಂದೆ ಹೋದರು.
ಆರು ವರ್ಷ.
ನದಿಗಳು ನನ್ನ ಪಾಲಿಗೆ ಕೆಳಗಿಂದ ಮೇಲಕ್ಕೆ ಹರಿದವು,
ರಾಜರು ತಲೆಕೆಳಗಾಗಿ ಸಿಂಹಾಸನಕ್ಕೆ ಅಂಟಿಕೊಂಡಿದ್ದರು.
ಆಮೇಲೆ ನೇರ ಓದೋದನ್ನ ನಾನೇ ಕಲಿತೆ,
ಮೊದಲನೆಯದನ್ನು ಮರೆಯಲಿಲ್ಲ.

ಅದಕ್ಕೇ ಹೇಳ್ತಿರೋದು ಮೇಡಂ,
ತೊಡೆ ಮೇಲಿನ ಹಾಳೆ ಈಗ ಮುಚ್ಚಿ ಏನು ಬಂತು.
"ಸಾಧಾರಣ" ಅಂತ ಬರೆದಾಗಿದೆ.
ಅದರ ಕೆಳಗೆ "ವಿಲೀನಕ್ಕೆ" ಅಂತ ಶುರುಮಾಡಿ
ಪೆನ್ನು ಎತ್ತಿದ್ದೀರಿ.
ಅಕ್ಷರ ದುಂಡಗಿದೆ ನಿಮ್ಮದು.
ಶಾಲೆಯ ಚಾವಣಿ ಇನ್ನೂ ಕಣ್ಣಿಗೇ ಬಿದ್ದಿಲ್ಲ,
ಆ ಕೋಡುಬಂಡೆ ದಾಟಬೇಕು.

ಅಲೆ ಬರ್ತಿದೆ,
ಬಲಗಡೆ ಹಿಡ್ಕೊಳ್ಳಿ.