ಜೆಬೆಲ್ ಶಮ್ಸ್ ಮೇಲೆ ದರ್ಜಿ

ನಿಜ್ವಾದಲ್ಲಿ ಹನ್ನೊಂದು ವರ್ಷ.
ಹೊಲಿಗೆ ಯಂತ್ರದ ಎದುರಿನ ಕಿಟಕಿಯಲ್ಲಿ ಬೆಟ್ಟ,
ಇಸ್ತ್ರಿಯೇ ಕಾಣದ ಬಟ್ಟೆ,
ಯಾರೋ ಸಿಟ್ಟಲ್ಲಿ ಮುದುಡಿ ಎಸೆದು ಹೋದ ಹಾಗೆ.
ದಾರ ಪೋಣಿಸುತ್ತ ಸೂಜಿಯ ಕಣ್ಣಲ್ಲೇ
ಎಷ್ಟೋ ಸಲ ನೋಡಿದ್ದೇನೆ. ಹೋಗಿರಲಿಲ್ಲ.
ಶುಕ್ರವಾರ ಅಂದರೆ ನಿದ್ದೆ, ಬಟ್ಟೆ ಒಗೆಯುವುದು, ಮನೆಗೆ ಫೋನು.

ಈದ್ ಮುಗಿದ ಮಾರನೇ ದಿನ ಹಮೂದ್ ಬಂದ
ಬಾಕಿ ನಾಲ್ಕು ರಿಯಾಲ್ ಕೊಡಲಿಕ್ಕೆ.
ಕೊಡಲಿಲ್ಲ. "ಹತ್ತು ಗಾಡಿ, ಹೊನ್ನಬ್ಬಾ" ಎಂದ.
ಪಕಾರ ಬಾರದ ಅವನ ನಾಲಿಗೆಯಲ್ಲಿ
ಹೊನ್ನಪ್ಪ ಯಾವತ್ತೂ ಹೊನ್ನಬ್ಬ.

ಸುಮಾರು ದೂರ ಏರಿದ ಮೇಲೆ ಟಾರು ಮುಗಿಯಿತು.
ಖರ್ಜೂರದ ಡಬ್ಬಿ, ನೀರಿನ ಕ್ಯಾನು, ನಾನು,
ಮೂವರೂ ಒಂದೇ ಸಮ ಕುಣಿದೆವು.
ದೂರದಿಂದ ಹಸಿರೆಂದು ಕೈ ತೋರಿಸಿದ್ದು
ಹತ್ತಿರ ಹೋದರೆ ಕಿಲುಬು ಹಿಡಿದ ಬಂಡೆ.

ತುದಿಯಲ್ಲಿ ಇಳಿದೆ.
ನೆಲ ಅಲ್ಲಿಗೆ ತಟ್ಟನೆ ಮುಗಿದಿತ್ತು.
ಕೆಳಗೆ ಕಣಿವೆ, ಕತ್ತರಿ ಜಾರಿ
ಥಾನಿನ ನಟ್ಟನಡುವೆ ಆದ ಸೀಳು,
ಯಾರೂ ಹೊಲಿಯಲು ಹೋಗದ್ದು.
ಅಭ್ಯಾಸಬಲ, ಕೊರಳಿನ ಟೇಪಿಗೆ ಕೈ ಹೋಯಿತು.
ಟೇಪು ಅಂಗಡಿಯಲ್ಲಿತ್ತು.

ಹಮೂದ್ ಕಲ್ಲೊಂದನ್ನು ತಿರುವಿ ತೋರಿಸಿದ:
ಒಳಗೆ ಕಪ್ಪೆಚಿಪ್ಪಿನ ಅಚ್ಚು.
"ಇದೆಲ್ಲ ಒಂದು ಕಾಲಕ್ಕೆ ಸಮುದ್ರ."
ಅಂಕೋಲೆಯವನು ನಾನು, ನಂಬಲು ಕಷ್ಟವಾಗಲಿಲ್ಲ.
ಮೂಸಿ ನೋಡಿದೆ.
ಏನೂ ಇಲ್ಲ, ಬಿಸಿಲಿನ ವಾಸನೆ.

ಅಂಚಿನಲ್ಲಿ ಮುದುಕ ಖಲ್ಫಾನ್
ಆಡಿನ ಕೂದಲ ಕಂಬಳಿ ಹರಡಿ ಕೂತಿದ್ದ,
ಕೆಂಪು, ಕಪ್ಪು, ಮತ್ತೆ ಕೆಂಪು.
ಗಿರಾಕಿ ಇಲ್ಲ. ಗಾಳಿ ಮಾತ್ರ
ಒಂದೊಂದರ ಅಂಚೆತ್ತಿ ನೋಡಿ, ಕೊಳ್ಳದೆ ಹೋಗುತ್ತಿತ್ತು.
ಅವನು ಕಹ್ವಾ ಬಗ್ಗಿಸುವಾಗ ಕಂಡೆ,
ಅಂಗಿಯ ಕೊರಳ ಕುಚ್ಚಿನ ಬುಡದಲ್ಲಿ
ಮೂರು ಹೊಲಿಗೆ ನೇರ, ನಾಲ್ಕನೆಯದು ಓರೆ.
ನನ್ನದೇ.
ಬೇಕೆಂದು ಹಾಕುವ ಗುರುತಲ್ಲ,
ಹೆಬ್ಬೆರಳಿನ ಹಳೇ ಗಾಯ ಹಾಗೆ ಎಳೆಸುತ್ತದೆ.
ಯಾವ ಈದಿನದೋ, ಯಾರು ತಂದುಕೊಟ್ಟದ್ದೋ,
ನಾನು ಕಿಟಕಿಯಲ್ಲಿ ಕೂತಿರುವಾಗಲೇ
ಅದು ಮೇಲೆ ಹತ್ತಿ ಬಂದಿತ್ತು.

ಮೊಣಕೈ ಹರಿದಲ್ಲಿ ಅವನೇ ತೇಪೆ ಹಾಕಿಕೊಂಡಿದ್ದ
ಕಂಬಳಿಯ ಕರಿ ದಾರದಲ್ಲಿ. ಬಲು ಒರಟು.
ಎಳೆದು ನೋಡಿದೆ, ಬಿಡಲಿಲ್ಲ.
"ಏನು ಹುಡುಕುತ್ತೀ?" ಎಂದ.
"ತೇಪೆ ಗಟ್ಟಿ ಇದೆ" ಎಂದೆ.
ಉಳಿದದ್ದು ಹೇಳಲು ಅರಬಿ ಸಾಲದು ಅಂದುಕೊಂಡೆ.
ಕನ್ನಡವಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.
ಮೂರನೇ ಬಟ್ಟಲಾದ ಮೇಲೆ
ಸಾಕೆಂದು ಅಲುಗಿಸಿ ಕೊಟ್ಟೆ.

ಕತ್ತಲಾಗುವ ಮೊದಲು ಇಳಿದೆವು.
ಆ ನಾಲ್ಕು ರಿಯಾಲ್ ನೆನಪಾದದ್ದು
ಅವನ ಗಾಡಿಯ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ.