ಮೂರು ಬೆರಳಿನ ಅಳತೆ

ದುರ್ಗದಿಂದ ಆರೂವರೆಯ ಬಸ್ಸು.
ಅದು ಹೆದ್ದಾರಿಗೆ ಏರುವ ಮೊದಲೇ
ನನ್ನ ಹೊಟ್ಟೆ ಏರಿತ್ತು ಗಂಟಲಿಗೆ.
ಚೀಲದಲ್ಲಿ ಒಂದು ನಿಂಬೆಹಣ್ಣು, ಎರಡು ಖಾಲಿ ಕವರು,
ಕಿಲೋದಿಂದ ಐವತ್ತು ಗ್ರಾಮಿನವರೆಗೆ ಹಿತ್ತಾಳೆಯ ಬಟ್ಟುಗಳು
ಮಖಮಲ್ಲಿನ ಗುಳಿಯಲ್ಲಿ ಕುಲುಕದೆ ಕೂತವು.
ನಾನು ಅಳತೆ ಇಲಾಖೆಯವಳು,
ಊರೂರ ತಕ್ಕಡಿಗೆ ಮುದ್ರೆ ಒತ್ತುವವಳು.
ಹತ್ತೊಂಬತ್ತು ವರ್ಷದ ನೌಕರಿ, ಹತ್ತೊಂಬತ್ತು ವರ್ಷದ ವಾಂತಿ.

ಪಕ್ಕದವಳ ತೊಡೆಯ ಮೇಲೆ ಮಡಿಸಿದ ಖಾಲಿ ಗೋಣಿ.
ಮಗಳ ಊರಲ್ಲಿ ಮಂಡಕ್ಕಿ ಇಳಿಸಿ ಭಟ್ಟಿಗೆ ಹೊರಟವಳು,
ಸೆರಗಿನಲ್ಲಿ ಕಾದ ಮರಳಿನ ವಾಸನೆ.
ನಾನು ಕವರು ಬಿಡಿಸಿದ ಸದ್ದಿಗೆ ತಿರುಗಿದಳು.
"ತಡೀರಿ. ಕೈ ಕೊಡ್ರಿ ಇಲ್ಲಿ.
ಬಳಿ ಮ್ಯಾಲೆ ಸರಸ್ರಿ."

ಮಣಿಕಟ್ಟಿನ ಗೆರೆಯಿಂದ ಮೊಳಕೈ ಕಡೆಗೆ ಮೂರು ಬೆರಳು,
ಎರಡು ನರದ ನಡುವೆ
ಕೂರಿಗೆ ಸಾಲಿನಂಥ ಒಂದು ತಗ್ಗು.
ಯಾರ ಬೆರಳು? ಎಂದೆ, ಕಣ್ಣು ಮುಚ್ಚಿಕೊಂಡೇ.
ಆ ಹೊತ್ತಲ್ಲೂ ಇಲಾಖೆ ಎಚ್ಚರವಾಗಿತ್ತು ನನ್ನೊಳಗೆ.
"ನಿಮ್ದೇ ರೀ, ನನ್ದು ತಗಂಡು ಏನ್ ಮಾಡ್ತೀರಿ?
ಕೂಸಿಗೆ ಕೂಸಿನ ಬೆರಳು, ಪೈಲ್ವಾನಗೆ ಪೈಲ್ವಾನನ್ದು."

ಮೊಳ ಹಾಕಿ ಹೂ ಮಾರುವವಳ ಮೊಳಕೈಗೂ
ಬೈದು ಬಂದವಳು ನಾನು.

ಒತ್ತಿದಳು. ಏನೂ ಆಗಲಿಲ್ಲ.
"ಸಿಕ್ತಾ?" ಇಲ್ಲ. "ಈಗ?" ಇಲ್ಲ.
"ನನ್ನ ಹೆಬ್ಬೆಟ್ಟಿಗೆ ಏನೂ ತಿಳಿಯಲ್ಲ ರೀ,
ಇಪ್ಪತ್ತಾರು ವರ್ಷ ಭಟ್ಟಿ ಮುಂದೆ.
ರೇಷನ್ ಅಂಗಡಿ ಮಿಷಿನ್ನೂ ಇದನ್ನ ಗುರುತು ಹಿಡಿಯಲ್ಲ.
ನೀವೇ ಹೇಳ್ಬೇಕು, ಎಲ್ಲಿ ಜುಮ್ ಅಂತೈತಿ."

ಹಾಗೆ ಹುಡುಕಿದೆವು ಇಬ್ಬರೂ ನನ್ನ ಕೈಯನ್ನು,
ಕತ್ತಲಲ್ಲಿ ಬಿದ್ದ ಓಲೆಯ ತಿರುಪು ಹುಡುಕುವಂತೆ.
ಎಡಕ್ಕೆ ಒಂದು ಜೋಳದಷ್ಟು. ಅಲ್ಲ, ಅಕ್ಕಿಕಾಳಿನಷ್ಟು.
ಹಾಂ.
ಅಲ್ಲಿ.

ದೂರದ ಗುಡ್ಡದಲ್ಲಿ ಗಾಳಿಗಿರಣಿಗಳು ನಿಧಾನ ಸುತ್ತುತ್ತಿದ್ದವು.
ಭರಮಸಾಗರದ ಹತ್ತಿರ ಒಂದು ತೇಗು ಬಂತು, ಬರೀ ತೇಗು.
ಅವಳು ಒತ್ತುತ್ತಲೇ ಮಾತಾಡುತ್ತಿದ್ದಳು.
ಅಣ್ಣ ಪುಣೆಗೆ ಲಾರಿ ಓಡಿಸುವವ,
ಡಾಬಾದ ಮುದುಕನೊಬ್ಬ ಅವನಿಗೆ ಕಲಿಸಿದ್ದು.
ಕಾಲು ಜೋಮು ಹಿಡಿದರೆ ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು,
ತಲೆ ಸಿಡಿದರೆ ಹೆಬ್ಬೆಟ್ಟು ತೋರುಬೆರಳಿನ ಸಂದಿ.
"ಬಸುರಿ ಏನಲ್ಲ ತಾನೇ? ಆದ್ರೆ ಅದನ್ನ ಒತ್ತಬಾರ್ದು."
ನಲವತ್ತೊಂಬತ್ತು, ಎಂದೆ.
ಇಬ್ಬರೂ ನಕ್ಕೆವು, ಮುಂದಿನ ಸೀಟಿನವ
ಇಯರ್‌ಫೋನ್ ಕಿತ್ತು ತಿರುಗಿ ನೋಡುವಷ್ಟು.

ಇದಕ್ಕೆ ಆಕ್ಯುಪ್ರೆಶರ್ ಅಂತಾರೆ, ಎಂದೆ.
"ಇರ್ಲಿ ಬಿಡ್ರಿ," ಎಂದಳು,
ಯಾರದೋ ನೆಂಟರ ಹೆಸರು ಕೇಳಿದ ಹಾಗೆ.
ತನ್ನ ಹೆಸರು ದಿಲ್‌ಶಾದ್‌ಬಿ ಅಂತ.

ದಾವಣಗೆರೆಯಲ್ಲಿ ಅವಳು ಗೋಣಿ ಕೊಡವಿ ಎದ್ದಾಗ
ಒಳಗಿಂದ ಉರುಳಿತು ಒಂದು ಸೇರು.
ತಗಡಿನದು, ಬಾಯಿ ನೆಗ್ಗಿದ್ದು, ಮುದ್ರೆ ಇಲ್ಲದ್ದು.
ನನ್ನ ಚಪ್ಪಲಿಗೆ ಬಡಿದು ನಿಂತಿತು.
ಕಾಯ್ದೆಯ ಕಲಮು ನನಗೆ ಬಾಯಿಪಾಠ.
ಎತ್ತಿದೆ. ತಳ ತಿರುಗಿಸಿ ನೋಡಿದ್ದೂ ನಿಜ, ಕೈಯ ರೂಢಿ.
ಕೊಟ್ಟೆ.
ನೆಗ್ಗಿದೆ, ಅಂತ ಮಾತ್ರ ಅಂದೆ.
"ಅದಕ್ಕೇ ಮೇಲೊಂದು ಹಿಡಿ ಹಾಕ್ತೀನ್ರೀ,"
ಎನ್ನುತ್ತಾ ಇಳಿದು ಹೋದಳು.

ಮಾರ್ಕೆಟ್ಟಿನಲ್ಲಿ ಅವತ್ತು ಹದಿನಾಲ್ಕು ತಕ್ಕಡಿ.
ಮಧ್ಯಾಹ್ನದವರೆಗೂ ನನ್ನ ಕೈ ಮೇಲೆ ಕೆಂಪಗೆ ಒಂದು ಗುಂಡು ಗುರುತು,
ವರ್ಷ ಇಲ್ಲ, ತ್ರೈಮಾಸಿಕದ ಅಕ್ಷರ ಇಲ್ಲ.
ಅಡಿಕೆ ಅಂಗಡಿಯವ ಕೇಳಿದ, ಮೇಡಂ, ಏನು ಕಚ್ಚಿತು?

ಸಂಜೆಯ ಬಸ್ಸಿನಲ್ಲಿ ನಾನೇ ಒತ್ತಿಕೊಂಡೆ,
ನನ್ನದೇ ಮೂರು ಬೆರಳಿಟ್ಟು, ಅಕ್ಕಿಕಾಳಷ್ಟೂ ತಪ್ಪದೆ.
ಆನಗೋಡಿನವರೆಗೆ ತಡೆಯಿತು. ಆಮೇಲೆ ಕವರು ಬೇಕಾಯಿತು.
ಜಾಗ ಅದೇ ಇತ್ತು.
ಸಿಕ್ತಾ, ಈಗ ಸಿಕ್ತಾ, ಅಂತ ಕೇಳುವ ಹೆಬ್ಬೆಟ್ಟು
ಅಷ್ಟೊತ್ತಿಗೆ ಭಟ್ಟಿಯ ಮುಂದೆ ಕೂತಿರಬೇಕು.